ಅರ್ಧ ನೋಡಿ, ಅರ್ಧ ಕೇಳಿ: ಮನೆಯಲ್ಲೇ ಉಳಿದವರಿಗೆ ಕೆಲವು ಕನ್ನಡ ಸಿನಿಮಾ

ಪ್ರಶ್ನೆ: ನಮಸ್ಕಾರ ಸರ್. ನಾವು ದಾವಣಗೆರೆಯವರು. ಅಪ್ಪನಿಗೆ ಎಪ್ಪತ್ತು ದಾಟಿದೆ. ಹೋದ ವಾರ ಮಂಡಿ ಆಪರೇಷನ್ ಆಯಿತು. ಇನ್ನು ಒಂದೂವರೆ ತಿಂಗಳು ಮನೆಯಲ್ಲೇ ಇರಬೇಕು. ನಾನೂ ವರ್ಕ್ ಫ್ರಂ ಹೋಮ್ ತೆಗೆದುಕೊಂಡಿದ್ದೇನೆ. ಎಂಟನೇ ಕ್ಲಾಸಿನ ಮಗಳಿಗೆ ರಜೆ. ದಿನಾ ಸಂಜೆ ಒಂದು ಸಿನಿಮಾ ನೋಡೋಣ ಅಂತ ಕೂರುತ್ತೇವೆ, ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಹಾಕಿದ ಮೇಲೆ ಅಪ್ಪ ತೂಕಡಿಸುತ್ತಾರೆ, ಮಗಳು ಮೊಬೈಲ್ ಹಿಡಿಯುತ್ತಾಳೆ, ಅಮ್ಮ ಅಡುಗೆಮನೆಯಿಂದ ಆಗಾಗ ಬಂದು "ಈಗ ಏನಾಯ್ತು" ಅಂತ ಕೇಳಿ ಹೋಗುತ್ತಾರೆ. ಮೊನ್ನೆ ಒಂದು ದೊಡ್ಡ ಫೈಟಿಂಗ್ ಸಿನಿಮಾ ಹಾಕಿದರೆ ಅಪ್ಪ ಸೌಂಡ್ ಕಮ್ಮಿ ಮಾಡು ಅಂದರು. ಕಮ್ಮಿ ಮಾಡಿದರೆ ಮಾತೇ ಕೇಳಿಸಲಿಲ್ಲ. ನಿಮಗೆ ಇಷ್ಟವಾದ, ಎಲ್ಲರೂ ನೋಡುವಂಥ ಕನ್ನಡ ಸಿನಿಮಾ ಹೇಳ್ತೀರಾ? ಒಳ್ಳೆಯ ಸೀರಿಯಲ್ ಆದರೂ ಆಗಬಹುದು.

ಉತ್ತರ: ಮೊದಲು ನಿಮ್ಮ ತಂದೆಯವರಿಗೆ ಬೇಗ ಗುಣವಾಗಲಿ. ಅವರು ತೂಕಡಿಸುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಆಪರೇಷನ್ ಆದ ಹೊಸದರಲ್ಲಿ ಮಾತ್ರೆಯ ಮಂಪರು ಇದ್ದೇ ಇರುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ನಿಮ್ಮ ತಾಯಿಯವರ ಪ್ರಶ್ನೆ, "ಈಗ ಏನಾಯ್ತು" ಅನ್ನೋದು. ಥಿಯೇಟರಿನಲ್ಲಿ ಸಿನಿಮಾ ನೋಡುತ್ತೇವೆ. ಮನೆಯಲ್ಲಿ ಅರ್ಧ ನೋಡುತ್ತೇವೆ, ಅರ್ಧ ಕೇಳುತ್ತೇವೆ. ಕುಕ್ಕರ್ ಕೂಗುತ್ತದೆ, ಕೊರಿಯರ್‌ನವನು ಬರುತ್ತಾನೆ, ನಿಮ್ಮ ಆಫೀಸಿನಿಂದ ಫೋನ್ ಬರುತ್ತದೆ. ಆಗ ಕಣ್ಣು ಟಿವಿ ಬಿಟ್ಟರೂ ಕಿವಿ ಅಲ್ಲೇ ಇರುತ್ತದೆ. ಹಾಗಾಗಿ ಮನೆಗೆ ಸಿನಿಮಾ ಆರಿಸುವಾಗ ನಾನು ನೋಡುವುದು ಒಂದೇ. ಅದು ಕಿವಿಗೂ ಸಿಗುತ್ತದಾ, ಪಕ್ಕದ ಕೋಣೆಯಲ್ಲಿದ್ದವರಿಗೂ ಕಥೆ ತಿಳಿಯುತ್ತದಾ? ಹೆಸರು, ಪ್ರಶಸ್ತಿ, ಸ್ಟಾರ್ ಎಲ್ಲ ಆಮೇಲೆ.

ಮೊನ್ನೆಯ ಸಿನಿಮಾದಲ್ಲಿ ಆದದ್ದೂ ಇದೇ. ಈಗಿನ ದೊಡ್ಡ ಸಿನಿಮಾಗಳ ಸೌಂಡನ್ನು ಥಿಯೇಟರಿಗೆ ಅಂತಲೇ ಹೊಂದಿಸಿರುತ್ತಾರೆ. ಅಲ್ಲಿ ಮಾತು ಹೆಚ್ಚಾಗಿ ಪರದೆಯ ಹಿಂದಿನ ನಡುವಿನ ಸ್ಪೀಕರಿನಿಂದ ಬರುತ್ತದೆ, ಮ್ಯೂಸಿಕ್ಕು ಮತ್ತು ಹೊಡೆದಾಟದ ಸದ್ದು ಸುತ್ತಲಿನ ಸ್ಪೀಕರುಗಳಿಂದ ಬರುತ್ತದೆ. ನಮ್ಮ ತೆಳ್ಳನೆಯ ಟಿವಿಯಲ್ಲಿ ಇರುವುದು ಎರಡು ಪುಟ್ಟ ಸ್ಪೀಕರು, ಅವೂ ಎಷ್ಟೋ ಸಲ ಕೆಳಕ್ಕೋ ಗೋಡೆಯ ಕಡೆಗೋ ಮುಖ ಮಾಡಿರುತ್ತವೆ. ಎಲ್ಲವೂ ಅದರೊಳಗೇ ತೂರಿಕೊಂಡು ಬರಬೇಕು. ಮಾತು ಕೇಳಲಿ ಅಂತ ಜಾಸ್ತಿ ಮಾಡಿದರೆ ಮುಂದಿನ ಫೈಟಿಗೆ ಮನೆ ಅದುರುತ್ತದೆ. ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಸ್ಪೀಚ್ ಅಥವಾ ಕ್ಲಿಯರ್ ವಾಯ್ಸ್ ಅಂತ ಏನಾದರೂ ಇದ್ದರೆ ಅದನ್ನು ಹಾಕಿ. ಸ್ವಲ್ಪ ವಾಸಿ. ಆದರೆ 'ಕಾಂತಾರ'ದ ಕೊನೆಯ ಇಪ್ಪತ್ತು ನಿಮಿಷವನ್ನು ಯಾವ ಸೆಟ್ಟಿಂಗೂ ಹಾಲಿನೊಳಗೆ ತರಲಾರದು. ಅಂಥವನ್ನು ತಂದೆಯವರು ಮೆಟ್ಟಿಲು ಹತ್ತುವಂತಾದ ಮೇಲೆ ಥಿಯೇಟರಿಗೆ ಬಂದಾಗ ನೋಡಿ.

ನಾನು ಮೊದಲು ಹೇಳುವ ಹೆಸರು 'ಬೆಳದಿಂಗಳ ಬಾಲೆ'. 1995ರದ್ದು, ಸುನಿಲ್ ಕುಮಾರ್ ದೇಸಾಯಿ ನಿರ್ದೇಶನ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯಿಂದ ತೆಗೆದದ್ದು. ರೇವಂತ್ ಅನ್ನುವ ಚೆಸ್ ಗ್ರ್ಯಾಂಡ್‌ಮಾಸ್ಟರ್, ಆ ಪಾತ್ರದಲ್ಲಿ ಅನಂತ್‌ನಾಗ್. ಅವನಿಗೆ ಒಬ್ಬಳು ಫೋನ್ ಮಾಡುತ್ತಾಳೆ. ಹೆಸರು ಹೇಳುವುದಿಲ್ಲ, ನಂಬರ್ ಕೊಡುವುದಿಲ್ಲ. ನನ್ನನ್ನು ಹುಡುಕು ಅಂತ ಸುಳಿವು ಕೊಡುತ್ತಾ ಹೋಗುತ್ತಾಳೆ. ಸಿನಿಮಾ ಉದ್ದಕ್ಕೂ ಅವಳ ಮುಖ ನಮಗೆ ಸರಿಯಾಗಿ ಕಾಣುವುದೇ ಇಲ್ಲ. ಇರುವುದು ದನಿ ಮಾತ್ರ.

ಮನೆಯಲ್ಲಿ ನೋಡುವುದಕ್ಕೆ ಇದಕ್ಕಿಂತ ಹೇಳಿ ಮಾಡಿಸಿದ ಸಿನಿಮಾ ಕನ್ನಡದಲ್ಲಿ ನನಗೆ ಗೊತ್ತಿಲ್ಲ. ನಾಯಕಿಯೇ ಕಿವಿಗೆ ಸಿಕ್ಕುವವಳು. ನಿಮ್ಮ ತಾಯಿಯವರು ಚಪಾತಿ ಲಟ್ಟಿಸುತ್ತಲೇ ಕಥೆ ಹಿಡಿದಿರುತ್ತಾರೆ. ಅನಂತ್‌ನಾಗ್ ಫೋನ್ ಹಿಡಿದು ಕೂತಾಗ ಗಮನಿಸಿ. ಎದುರಿಗೆ ನಟಿಸುವವರು ಯಾರೂ ಇಲ್ಲ. ರಿಸೀವರನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಾಯಿಸುವುದು, ಅವಳು ಸುಮ್ಮನಾದಾಗ ಉಸಿರು ಹಿಡಿಯುವುದು, ತನಗೆ ತಾನೇ ನಗುವುದು, ಇಷ್ಟರಲ್ಲೇ ಪ್ರೀತಿ ಹುಟ್ಟಿಸುತ್ತಾರೆ. ಮಗಳು ಮೊದಲ ಹತ್ತು ನಿಮಿಷದಲ್ಲೇ "ನಂಬರ್ ನೋಡಿದ್ರೆ ಆಯ್ತಲ್ವಾ" ಅಂತ ಕೇಳುತ್ತಾಳೆ. ಆಗ ಫೋನಿನಲ್ಲಿ ಕರೆ ಮಾಡಿದವರ ನಂಬರ್ ಬರುತ್ತಿರಲಿಲ್ಲ, ಮನೆಗೆ ಒಂದೇ ಫೋನು, ಅದೂ ಹಾಲಿನಲ್ಲಿ, ಎಲ್ಲರ ಎದುರಿಗೆ ಮಾತಾಡಬೇಕಿತ್ತು ಅಂತ ನೀವು ಹೇಳಬೇಕಾಗುತ್ತದೆ. ತಂದೆಯವರಿಗೆ ಹೇಳಲು ಬಿಡಿ. ಎಸ್‌ಟಿಡಿ ಬೂತಿನ ಕಥೆ ಅವರ ಹತ್ತಿರ ಬೇಕಾದಷ್ಟಿರುತ್ತದೆ. ಸಿನಿಮಾ ಅರ್ಧ ಗಂಟೆ ತಡವಾದರೂ ಪರವಾಗಿಲ್ಲ. ಒಂದು ಎಚ್ಚರಿಕೆ: ಕೊನೆ ಮನಸ್ಸಿಗೆ ತಟ್ಟುವಂಥದ್ದು. ಮಲಗುವ ಹೊತ್ತಿಗೆ ಸರಿಯಾಗಿ ಮುಗಿಯುವ ಹಾಗೆ ಹಾಕಬೇಡಿ, ಸಂಜೆ ಬೇಗ ಶುರು ಮಾಡಿ.

ಎರಡನೆಯದು 'ಗಣೇಶನ ಮದುವೆ'. 1990, ಫಣಿ ರಾಮಚಂದ್ರ. ಒಂದು ವಠಾರ, ಜಿಪುಣ ಓನರ್ ಆಗಿ ಮುಖ್ಯಮಂತ್ರಿ ಚಂದ್ರು, ಅವರ ಮಗಳಾಗಿ ವಿನಯಾ ಪ್ರಸಾದ್, ಬಾಡಿಗೆಗೆ ಇರುವ ಗಣೇಶನಾಗಿ ಮತ್ತೆ ಅನಂತ್‌ನಾಗ್. ಗಣೇಶನಿಗೂ ಓನರ್ ಮಗಳಿಗೂ ದಿನ ಬೆಳಗಾದರೆ ಜಗಳ. ಅವನು ಮನಸ್ಸು ಕೊಟ್ಟಿರುವುದು ಒಬ್ಬ ಗಾಯಕಿಯ ದನಿಗೆ. ಆ ಗಾಯಕಿ ಯಾರು ಅಂತ ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಇಲ್ಲೂ ದನಿಯೇ ಎಲ್ಲ ಗೊಂದಲಕ್ಕೆ ಕಾರಣ ನೋಡಿ.

ಬೆಂಗಳೂರು, ಮೈಸೂರಿನಲ್ಲಿ ವಠಾರದಲ್ಲಿ ಇದ್ದವರಿಗೆ ಈ ಸಿನಿಮಾ ಬೇರೆಯೇ ಮಜಾ ಕೊಡುತ್ತದೆ. ಒಂದೇ ಅಂಗಳ, ನೀರಿಗೆ ಸರದಿ, ಒಬ್ಬರ ಮನೆಯ ಮಾತು ಇನ್ನೊಬ್ಬರ ಮನೆಗೆ ಗೋಡೆ ದಾಟಿ ಬರುವುದು, ಇವೆಲ್ಲ ಕಥೆಗೆ ಬೇಕಾಗಿಯೇ ಇವೆ. ಮಾತಿಗೆ ಮಾತು ತಕ್ಷಣ ಬೀಳುತ್ತದೆ. ಯಾರೂ ನಗುವುದಕ್ಕೆ ಜಾಗ ಬಿಟ್ಟು ನಿಲ್ಲುವುದಿಲ್ಲ. ಹಾಗಾಗಿ ಎರಡನೇ ಸಲ ನೋಡಿದಾಗ ಮೊದಲ ಸಲ ಕೇಳದ ಜೋಕುಗಳು ಸಿಗುತ್ತವೆ. ಇದೇ ಜೋಡಿಯ 'ಗೌರಿ ಗಣೇಶ' ಮರುವರ್ಷ ಬಂತು. ನಗೆ ಅದರಲ್ಲೂ ಇದೆ, ಮಾಸ್ಟರ್ ಆನಂದ್ ಪುಟ್ಟ ಹುಡುಗನಾಗಿ ಇದ್ದಾನೆ. ಆದರೆ ಅದರ ಕಥೆಯ ಬುಡದಲ್ಲಿ ಸತ್ತುಹೋದ ಹೆಣ್ಣುಮಗಳ ಡೈರಿ ಇದೆ, ಅದನ್ನು ಇಟ್ಟುಕೊಂಡು ದುಡ್ಡು ಕೀಳುವ ಮೋಸ ಇದೆ. ನನಗೆ ಮೊದಲನೆಯದೇ ಇಷ್ಟ.

ಇನ್ನು ಹಳೆಯವು. ನಿಮ್ಮ ತಂದೆಯವರ ವಯಸ್ಸು ನೋಡಿದರೆ ಎಪ್ಪತ್ತರ ದಶಕದ ಶುರುವಿನಲ್ಲಿ ಅವರು ಪಡ್ಡೆ ಹುಡುಗರು. ಕನ್ನಡ ಸಿನಿಮಾದ ಒಳ್ಳೆಯ ಕಾಲ ಅದು. 1971ರಲ್ಲಿ 'ಕಸ್ತೂರಿ ನಿವಾಸ', 'ಶರಪಂಜರ', 1972ರಲ್ಲಿ 'ಬಂಗಾರದ ಮನುಷ್ಯ', 'ನಾಗರಹಾವು'. ಇವುಗಳ ಕಥೆ ಅವರಿಗೆ ಬಾಯಿಪಾಠ ಇರುತ್ತದೆ. ನಡುವೆ ನಿದ್ದೆ ಹೋದರೂ ಎದ್ದ ಕೂಡಲೇ ಎಲ್ಲಿದ್ದೇವೆ ಅಂತ ಗೊತ್ತಾಗುತ್ತದೆ. ಕಾಯಿಲೆಯಿಂದ ಏಳುತ್ತಿರುವವರಿಗೆ ಹೊಸ ಕಥೆಯ ಎಳೆ ಹಿಡಿಯುವುದು ಕಷ್ಟ, ಗೊತ್ತಿರುವುದು ಆರಾಮ.

ಈ ಸಿನಿಮಾಗಳು ಕಿವಿಗೆ ಚೆನ್ನಾಗಿ ಸಿಗುವುದಕ್ಕೆ ಒಂದು ಕಾರಣ ನಾಟಕ ಕಂಪನಿ. ರಾಜ್‌ಕುಮಾರ್ ಬೆಳೆದದ್ದು ಗುಬ್ಬಿ ಕಂಪನಿಯಲ್ಲಿ. ಅಲ್ಲಿ ಕೊನೆಯ ಸಾಲಿನ ನೆಲದ ಟಿಕೆಟಿನವನಿಗೂ ಮಾತು ಮುಟ್ಟಬೇಕಿತ್ತು. ಆ ಪಾಠ ಕಲಿತವರು ಪದದ ಕೊನೆಯ ಅಕ್ಷರವನ್ನು ನುಂಗುವುದಿಲ್ಲ. ಜೊತೆಗೆ ಆಗ ಮಾತನ್ನು ಬಹುಪಾಲು ಸ್ಟುಡಿಯೋದೊಳಗೇ ದಾಖಲು ಮಾಡುತ್ತಿದ್ದರು, ಹಿಂದೆ ಬೀದಿಯ ಗದ್ದಲ ಇರುತ್ತಿರಲಿಲ್ಲ. ರೇಡಿಯೋದಲ್ಲಿ ಸಿನಿಮಾದ ಧ್ವನಿವಾಹಿನಿಯನ್ನು ಹಾಕಿ ಜನ ಕಥೆ ಕೇಳುತ್ತಿದ್ದದ್ದು ನಿಮ್ಮ ತಾಯಿಯವರಿಗೆ ನೆನಪಿರಬಹುದು. ಬರೀ ಕೇಳಿದರೂ ಅರ್ಥವಾಗುತ್ತಿತ್ತು, ಅದಕ್ಕೇ ಅದು ನಡೆಯುತ್ತಿತ್ತು.

'ಕಸ್ತೂರಿ ನಿವಾಸ'ವನ್ನು ಮಾತ್ರ ಎಲ್ಲರೂ ಬೇರೆ ಕೆಲಸ ಬಿಟ್ಟು ಕೂತು ನೋಡಿ. ದೊರೈ-ಭಗವಾನ್ ಜೋಡಿಯ ನಿರ್ದೇಶನ. ರಾಜ್‌ಕುಮಾರ್ ಬೆಂಕಿಪೊಟ್ಟಣ ಕಾರ್ಖಾನೆಯ ಯಜಮಾನ, ಕೊಟ್ಟು ಕೊಟ್ಟು ಕೈ ಖಾಲಿ ಮಾಡಿಕೊಳ್ಳುವವನು. ಎಷ್ಟು ಬೀಳಿಸಿದರೂ ಎದ್ದು ನಿಲ್ಲುವ ಗೊಂಬೆ ಇಟ್ಟುಕೊಂಡು ಮಗುವಿನ ಮುಂದೆ ಹಾಡುವ ಹಾಡು ನಿಮಗೂ ಗೊತ್ತಿರುತ್ತದೆ. ನಾನು ಹೇಳುತ್ತಿರುವುದು ಅದಲ್ಲ, ಕೊನೆಯ ಭಾಗದ ಊಟದ ದೃಶ್ಯ. ಮನೆಗೆ ಬಂದ ಜಯಂತಿಯವರಿಗೆ ರಾಜ್‌ಕುಮಾರ್ ಊಟ ಹಾಕಿಸುತ್ತಾರೆ. ಊಟ ಆದಮೇಲೆ ಅವರು ತಾವು ಬಂದ ಕಾರಣ ಹೇಳುತ್ತಾರೆ. ಒಂದು ಪಾರಿವಾಳದ ಮಾತು. ಅದನ್ನು ಕೇಳಿಸಿಕೊಳ್ಳುವ ರಾಜ್‌ಕುಮಾರ್ ಮುಖದಲ್ಲಿ ಏನಾಗುತ್ತದೆ ಅನ್ನೋದನ್ನು ಅಕ್ಷರದಲ್ಲಿ ಹೇಳುವುದಿಲ್ಲ. ಮಗಳು ಮೊದಲ ಸಲ ನೋಡುತ್ತಿದ್ದರೆ ದಯವಿಟ್ಟು ಯಾರೂ ಮುಂಚೆಯೇ ಬಾಯಿ ಬಿಡಬೇಡಿ. ಈ ಕಥೆಯನ್ನು ಮೊದಲು ಬರೆದದ್ದು ತಮಿಳಿನ ಶಿವಾಜಿ ಗಣೇಶನ್ ಅವರಿಗಾಗಿ. ಅದು ಕನ್ನಡಕ್ಕೆ ಬಂತು, ಗೆದ್ದಿತು, ಆಮೇಲೆ 1975ರಲ್ಲಿ ಶಿವಾಜಿಯವರೇ ತಮಿಳಿನಲ್ಲಿ ಮಾಡಿದರು. 2014ರಲ್ಲಿ ಕನ್ನಡದ ಸಿನಿಮಾಕ್ಕೆ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದರು. ಎರಡೂ ಸಿಕ್ಕಿದರೆ ಕಪ್ಪು-ಬಿಳುಪನ್ನೇ ಹಾಕಿ. ನೆರಳು-ಬೆಳಕನ್ನು ಲೆಕ್ಕ ಹಾಕಿ ತೆಗೆದ ಚಿತ್ರಕ್ಕೆ ಮೇಲಿಂದ ಬಣ್ಣ ಬಳಿದರೆ ಮುಖಗಳು ಚಪ್ಪಟೆಯಾಗಿ ಕಾಣುತ್ತವೆ.

'ನಾಗರಹಾವು' ನಿಮ್ಮ ನೆರೆಯ ಚಿತ್ರದುರ್ಗದ ಕಥೆ. ಪುಟ್ಟಣ್ಣ ಕಣಗಾಲ್ ತರಾಸು ಅವರ ಮೂರು ಕಾದಂಬರಿ ಸೇರಿಸಿ ಒಂದು ಸಿನಿಮಾ ಮಾಡಿದರು. ವಿಷ್ಣುವರ್ಧನ್ ನಾಯಕನಾಗಿ ಎದ್ದು ನಿಂತದ್ದು, ಅಂಬರೀಶ್ ಮೊದಲ ಸಲ ಕಾಣಿಸಿಕೊಂಡದ್ದು ಇದರಲ್ಲೇ. ರಾಮಾಚಾರಿಯ ಕೋಪ ಮಗಳಿಗೆ ಸ್ವಲ್ಪ ಅತಿ ಅನ್ನಿಸಬಹುದು. ಆದರೆ ಕೆ.ಎಸ್. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರು ಯಾವ ಕಾಲದವರಿಗೂ ಇಷ್ಟವಾಗುತ್ತಾರೆ. ಸಿನಿಮಾ ಉದ್ದ, ಒಂದೇ ಸಲ ನೋಡಬೇಡಿ. ಆ ಕಾಲದ ಸಿನಿಮಾಗಳನ್ನು ಇಂಟರ್‌ವಲ್ ಲೆಕ್ಕ ಹಾಕಿಯೇ ಬರೆಯುತ್ತಿದ್ದರು. ಇವತ್ತು ಇಂಟರ್‌ವಲ್‌ವರೆಗೆ, ನಾಳೆ ಉಳಿದದ್ದು. ಮಾರನೇ ದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಮುಂದೇನು ಅಂತ ಮಾತಾಡುವುದಕ್ಕೂ ಒಂದು ವಿಷಯ ಸಿಗುತ್ತದೆ.

ಹಾಡುಗಳ ಬಗ್ಗೆ ಒಂದು ಮಾತು. ಮಂಡಿ ಆಪರೇಷನ್ ಆದವರು ಒಂದೇ ಭಂಗಿಯಲ್ಲಿ ಎರಡು ಗಂಟೆ ಕೂರಬಾರದು ಅಂತ ಫಿಸಿಯೋಥೆರಪಿಯವರು ಹೇಳಿರುತ್ತಾರೆ. ಹಳೆಯ ಸಿನಿಮಾದಲ್ಲಿ ಐದಾರು ಹಾಡು, ಒಂದೊಂದೂ ನಾಲ್ಕು ನಿಮಿಷದ ಹತ್ತಿರ. ಹಾಡು ಬಂದಾಗ ವಾಕರ್ ಹಿಡಿದು ಹಾಲಿನಲ್ಲೇ ಒಂದು ಸುತ್ತು ಹಾಕಿಸಿ. ಎಷ್ಟು ನಡೆಯಬೇಕು ಅನ್ನೋದು ಮಾತ್ರ ಅವರ ಡಾಕ್ಟರ್ ಹೇಳಿದಷ್ಟೇ. ಹಾಡು ಬಿಡಲು ಮನಸ್ಸಿಲ್ಲದವರಾದರೆ ಫೈಟ್ ಬಂದಾಗ ನಡೆಯಲಿ, ಎಪ್ಪತ್ತರ ದಶಕದ ಫೈಟುಗಳಲ್ಲಿ ತಪ್ಪಿಸಿಕೊಳ್ಳುವಂಥದ್ದು ಅಷ್ಟೇನಿಲ್ಲ.

'ಶರಪಂಜರ' ನಿಮ್ಮ ತಾಯಿಯವರಿಗೆ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ, ಕಲ್ಪನಾ. ಮನಸ್ಸಿನ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದ ಹೆಂಗಸನ್ನು ಮನೆಯವರೇ ಅನುಮಾನದಿಂದ ನೋಡುವ ಕಥೆ. ಇದನ್ನು ಹಾಕಿದ ದಿನ ಅಡುಗೆಮನೆಯ ಕೆಲಸ ನೀವು ಮಾಡಿ, ಅವರು ಸೋಫಾದ ಮೇಲೆ ಕೂರಲಿ. ಸುಮ್ನೆ ಹೇಳುತ್ತಿಲ್ಲ. ಕಾಯಿಲೆಯವರ ಮನೆಯಲ್ಲಿ ಸಿನಿಮಾ ಆರಿಸುವುದು ಯಾವಾಗಲೂ ರೋಗಿಗಾಗಿ, ಆರೈಕೆ ಮಾಡುವವರನ್ನು ಯಾರೂ ಕೇಳುವುದಿಲ್ಲ. ವಾರಕ್ಕೊಂದು ದಿನವಾದರೂ ರಿಮೋಟ್ ಅವರ ಕೈಗೆ ಕೊಡಿ.

ಕಿವಿಯ ಲೆಕ್ಕಕ್ಕೆ ಒಪ್ಪದ, ಆದರೂ ಬಿಡಲಾಗದ ಒಂದು ಸಿನಿಮಾ 'ನಿಷ್ಕರ್ಷ'. 1993, ಮತ್ತೆ ದೇಸಾಯಿ. ಬ್ಯಾಂಕ್ ದರೋಡೆಗೆ ಬಂದವರು ಒಳಗೇ ಸಿಕ್ಕಿಬೀಳುತ್ತಾರೆ, ಸಿಬ್ಬಂದಿ ಒತ್ತೆಯಾಳಾಗುತ್ತಾರೆ. ವಿಷ್ಣುವರ್ಧನ್ ಕಮಾಂಡೊ. ಖಳನಾಗಿ ಬಿ.ಸಿ. ಪಾಟೀಲ್, ಪೊಲೀಸ್ ಕೆಲಸದಲ್ಲಿದ್ದು ನಟನಾಗಿ, ಮುಂದೆ ಕೃಷಿ ಸಚಿವರೂ ಆದವರು. ಒಂದೂ ಹಾಡಿಲ್ಲ. ಬಹುಪಾಲು ಒಂದೇ ಕಟ್ಟಡ. ನೀವೂ ಹೊರಗೆ ಹೋಗುವ ಹಾಗಿಲ್ಲ, ಅವರೂ ಹೋಗುವ ಹಾಗಿಲ್ಲ. ಮಗಳ ಕೈಯಿಂದ ಮೊಬೈಲ್ ಕೆಳಗಿಳಿಸುವ ಸಿನಿಮಾ ಇದು. ಇದೇ ಜಾತಿಗೆ ಸೇರಿದ, ಇದಕ್ಕಿಂತ ಹಳೆಯ 'ತರ್ಕ' ಕೂಡ ದೇಸಾಯಿಯವರದ್ದೇ, 1989, ನಾಯಕ ಶಂಕರ್‌ನಾಗ್. ಅದರಲ್ಲೂ ಹಾಡಿಲ್ಲ. ನೋಡುವಾಗ ಮೊದಲಿನಿಂದಲೇ ನೋಡಬೇಕು, ನಡುವೆ ಬಂದು ಕೂತರೆ ಏನೂ ತಿಳಿಯದು.

ಮಗಳ ವಯಸ್ಸಿಗೆ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' (2018) ಮತ್ತು 'ಡೇರ್‌ಡೆವಿಲ್ ಮುಸ್ತಾಫಾ' (2023). ಮೊದಲನೆಯದರಲ್ಲಿ ಕೋರ್ಟಿನಲ್ಲಿ ಅನಂತ್‌ನಾಗ್ ಮಾತಾಡುವ ಭಾಗಕ್ಕೆ ತಂದೆಯವರೂ ಎದ್ದು ಕೂರುತ್ತಾರೆ. ಎರಡನೆಯದು ಪೂರ್ಣಚಂದ್ರ ತೇಜಸ್ವಿಯವರ ಕಥೆ, ಅವರ ಓದುಗರೇ ದುಡ್ಡು ಹಾಕಿ ಮಾಡಿದ ಸಿನಿಮಾ. ಕ್ರಿಕೆಟ್ ಮ್ಯಾಚ್ ಇದೆ, ಅದು ಸಾಕು. ಅನಂತ್‌ನಾಗ್ ಹೆಸರು ಪದೇ ಪದೇ ಬರುತ್ತಿದೆ ಅನ್ನಿಸಿತಾ? ನಾನೇನೂ ಬೇಕಂತ ಹಾಗೆ ಮಾಡಿಲ್ಲ. ಕಿವಿಗೆ ಸಿಗುವ ಸಿನಿಮಾ ಅಂತ ಹೊರಟರೆ ಆ ದನಿ ಎದುರಾಗದೆ ಇರುವುದಿಲ್ಲ.

ಅದೇ ಅನಂತ್‌ನಾಗ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016) ಬಹಳ ಜನ ನಿಮಗೆ ಹೇಳಬಹುದು. ಮರೆವಿನ ಕಾಯಿಲೆಯ ತಂದೆ ಕಳೆದುಹೋಗುತ್ತಾರೆ, ಮಗ ಹುಡುಕುತ್ತಾನೆ. ಒಳ್ಳೆಯ ಸಿನಿಮಾ. ಆದರೆ ಈಗ ಬೇಡ. ಮಗನ ಆಸರೆ ಹಿಡಿದು ಬಚ್ಚಲಿಗೆ ಹೋಗುತ್ತಿರುವ ಅಪ್ಪನಿಗೆ ಅದು ತನ್ನ ಮೇಲೆ ಹೇಳಿದ ಮಾತಿನ ಹಾಗೆ ಕೇಳಿಸಬಹುದು. ಅವರು ಗುಣವಾಗಿ ಓಡಾಡಲಿ, ಆಮೇಲೆ ನೋಡಿ.

'ತಿಥಿ' ವಿಷಯದಲ್ಲಿ ನನ್ನ ಅಭಿಪ್ರಾಯ ಉಲ್ಟಾ. ಶುರುವಿನಲ್ಲೇ ನೂರು ದಾಟಿದ ಸೆಂಚುರಿ ಗೌಡ ರಸ್ತೆ ಬದಿ ಕೂತು ಹೋಗಿ ಬರುವವರನ್ನೆಲ್ಲ ಬೈದು, ಗೇಲಿ ಮಾಡಿ, ಎದ್ದು ಹೋಗಿ ಸತ್ತೇ ಹೋಗುತ್ತಾನೆ. ಸಾವಿನ ಸಿನಿಮಾ ರೋಗಿಗೆ ಯಾಕೆ ಅಂತ ನೀವು ಕೇಳಬಹುದು. ಹಳ್ಳಿಯ ತಿಥಿ ಊಟಗಳನ್ನು ನೋಡಿ ಬೆಳೆದ ಹಿರಿಯರು ಇದಕ್ಕೆ ನಗುವಷ್ಟು ನಾವು ನಗುವುದಿಲ್ಲ. ನಟಿಸಿದವರೆಲ್ಲ ಮಂಡ್ಯ ಕಡೆಯ ಹಳ್ಳಿಯ ಜನ, ನಟರಲ್ಲ. 2015ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ಎರಡು ತೊಂದರೆ ಇವೆ. ಒಂದು, ಮಾತನ್ನು ಚಿತ್ರೀಕರಣದ ಜಾಗದಲ್ಲೇ ದಾಖಲು ಮಾಡಿದ್ದು, ಮಂಡ್ಯದ ಮಾತು ಬೇರೆ. ದಾವಣಗೆರೆಯ ಕಿವಿಗೆ ಅಲ್ಲಲ್ಲಿ ತಪ್ಪುತ್ತದೆ, ಸಬ್‌ಟೈಟಲ್ ಹಾಕಿಕೊಳ್ಳಿ. ಎರಡು, ಬೈಗುಳ ಧಾರಾಳ. ಮಗಳು ಮಲಗಿದ ಮೇಲೆ ಹಾಕಿ.

ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ ಅಂದಿರಿ. ಮಧ್ಯಾಹ್ನವೇ ಹುಡುಕಿ ಇಟ್ಟುಕೊಳ್ಳಿ. ಹಳೆಯ ಕನ್ನಡ ಸಿನಿಮಾ ಒಟಿಟಿಗಿಂತ ಯೂಟ್ಯೂಬಿನಲ್ಲಿ ಜಾಸ್ತಿ, ಹಕ್ಕು ಇರುವ ಕಂಪನಿಗಳೇ ಹಾಕಿರುತ್ತವೆ. ಹಾಕುವ ಮೊದಲು ಎಷ್ಟು ಹೊತ್ತಿನದು ಅಂತ ನೋಡಿ. ಎರಡೂವರೆ ಗಂಟೆಯ ಸಿನಿಮಾ ಒಂದೂಮುಕ್ಕಾಲು ಗಂಟೆಗೆ ಇಳಿದಿದ್ದರೆ ಹಾಡು ಕತ್ತರಿಸಿದ್ದಾರೆ ಅಂತ ಅರ್ಥ, ಬೇರೆ ಪ್ರತಿ ಹುಡುಕಿ.

ಟಿವಿಯಲ್ಲಿ ಇನ್ನೆರಡು ಕೆಲಸ. ಹಳೆಯ ಸಿನಿಮಾದ ಚೌಕಟ್ಟು ಹೆಚ್ಚುಕಮ್ಮಿ ಚೌಕ. ಟಿವಿ ಅದನ್ನು ಎಳೆದು ಅಗಲ ಮಾಡಿದರೆ ಕಲ್ಪನಾ ದಪ್ಪಗಾಗುತ್ತಾರೆ, ಜೂಮ್ ಮಾಡಿದರೆ ಹಣೆಯೂ ಕಾಲೂ ಹೋಗುತ್ತವೆ. ಎಡಬಲಕ್ಕೆ ಕಪ್ಪು ಪಟ್ಟಿ ಇರಲಿ, ಅದು ಸರಿಯೇ. ಇನ್ನೊಂದು, ಹೊಸ ಟಿವಿಗಳಲ್ಲಿ ಚಲನೆಯನ್ನು ನುಣುಪು ಮಾಡುವ ಒಂದು ಸೆಟ್ಟಿಂಗ್ ಇರುತ್ತದೆ, ಕಂಪನಿಗೊಂದು ಹೆಸರು, ಹೆಚ್ಚಾಗಿ ಮೋಷನ್ ಅನ್ನುವ ಪದ ಸೇರಿರುತ್ತದೆ. ಸಿನಿಮಾ ಸೆಕೆಂಡಿಗೆ 24 ಚಿತ್ರದ ಲೆಕ್ಕದ್ದು. ಟಿವಿ ನಡುವೆ ತನ್ನದೇ ಚಿತ್ರಗಳನ್ನು ಸೇರಿಸಿದಾಗ ಎಲ್ಲವೂ ಸೀರಿಯಲ್ ಥರ ಕಾಣುತ್ತದೆ. ಅದನ್ನು ಆಫ್ ಮಾಡಿ.

ಸೀರಿಯಲ್ ಕೇಳಿದ್ದಿರಿ. ಹೊಸದನ್ನು ಹುಡುಕುವ ಮೊದಲು ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ನೋಡಿ. ಆರ್.ಕೆ. ನಾರಾಯಣ್ ಕಥೆಗಳು, ದೂರದರ್ಶನಕ್ಕಾಗಿ ಹಿಂದಿ ಮತ್ತು ಇಂಗ್ಲಿಷಿನಲ್ಲಿ ತೆಗೆದದ್ದು, ಆದರೆ ಊರು ನಮ್ಮ ಆಗುಂಬೆ, ಮುಖಗಳೆಲ್ಲ ಕನ್ನಡದವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಪ್ರತಿ ಕಂತೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮಾತ್ರೆಗೂ ಊಟಕ್ಕೂ ನಡುವಿನ ಹೊತ್ತಿಗೆ ಸರಿಯಾಗಿ ಹೊಂದುತ್ತದೆ. ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತ ಕೇಳಿದರೆ ಅಡುಗೆಮನೆಯಲ್ಲಿದ್ದವರು ಕರೆಯದೆಯೇ ಬರುತ್ತಾರೆ. ಸ್ವಾಮಿಯ ಕಂತುಗಳಿಂದ ಶುರು ಮಾಡಿ, ಮಗಳಿಗೆ ಹಿಂದಿ ಸಲೀಸು ಅನ್ನಿಸಿದರೆ ಹಿಂದಿಯದ್ದನ್ನೇ ಹಾಕಿ.